ಸಹಿ ಹಾಕಿದರೆ ಡಯಾಲಿಸಿಸ್ ನಿಲ್ಲಿಸುತ್ತಾರಾ? ಇಲ್ಲ

"ಕಿಡ್ನಿ ಸಂಶೋಧನೆಗೆ ಸೇರಿದರೆ ಡಯಾಲಿಸಿಸ್ ನಿಲ್ಲಿಸಿ ಸಕ್ಕರೆ ಮಾತ್ರೆ ಕೊಡ್ತಾರೆ, ಸಹಿ ಹಾಕಿದ ಮೇಲೆ ಬಿಡೋಕಾಗಲ್ಲ." ವಾಟ್ಸಾಪ್‌ನಲ್ಲಿ ಓಡಾಡುತ್ತಿರುವ ಈ ಮಾತು ತಪ್ಪು.

ಹುಸಿ ಮಾತ್ರೆ, ಅಂದರೆ ಔಷಧಿ ಇಲ್ಲದ ಮಾತ್ರೆ, ಬಳಸುವ ಅಧ್ಯಯನಗಳು ಇವೆ, ನಿಜ. ಆದರೆ ಡಯಾಲಿಸಿಸ್‌ನಂಥ ಜೀವ ಉಳಿಸುವ ಚಿಕಿತ್ಸೆ ನಡೆಯುತ್ತಿದ್ದರೆ ಹುಸಿ ಮಾತ್ರೆ ಕೊಡುವುದು ಅದರ ಜೊತೆಗೆ, ಅದರ ಬದಲಿಗೆ ಅಲ್ಲ. ಕಿಡ್ನಿ ಕಾಯಿಲೆ ಇರುವವರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಡಾಪಾ-ಸಿಕೆಡಿ ಅಧ್ಯಯನವನ್ನೇ ನೋಡಿ. 4,304 ಜನ ಇದ್ದರು. ಅರ್ಧ ಜನಕ್ಕೆ ಡಾಪಾಗ್ಲಿಫ್ಲೋಜಿನ್ ಎಂಬ ಔಷಧಿ, ಉಳಿದವರಿಗೆ ಹುಸಿ ಮಾತ್ರೆ. ಕಿಡ್ನಿ ಕಾಪಾಡುವ ಬಿಪಿ ಮಾತ್ರೆಯನ್ನು ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ತೆಗೆದುಕೊಳ್ಳುತ್ತಿದ್ದರು. ಕಿಡ್ನಿ ತೀರಾ ಹದಗೆಡುವುದು ಅಥವಾ ಕಿಡ್ನಿ ಇಲ್ಲವೇ ಹೃದಯ-ರಕ್ತನಾಳದ ತೊಂದರೆಯಿಂದ ಸಾವು ಹುಸಿ ಮಾತ್ರೆಯವರಲ್ಲಿ ಶೇ. 14.5, ಔಷಧಿಯವರಲ್ಲಿ ಶೇ. 9.2. ಲಾಭ ಅಷ್ಟು ಸ್ಪಷ್ಟವಾಗಿದ್ದರಿಂದ ಅಧ್ಯಯನವನ್ನು ಬೇಗ ಮುಗಿಸಿದರು. ಡಯಾಲಿಸಿಸ್‌ನಲ್ಲಿ ಇರುವವರನ್ನು ಇದಕ್ಕೆ ಸೇರಿಸಿಕೊಂಡಿರಲಿಲ್ಲ, ಹಾಗಾಗಿ ಈ ಔಷಧಿಯನ್ನು ಸುಮ್ನೆ ಅಂಗಡಿಯಿಂದ ತಂದು ನುಂಗಬೇಡಿ.

ಇನ್ನು ಸಹಿಯ ವಿಷಯ. ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ಅಧ್ಯಯನದಿಂದ ತೊಂದರೆಯಾದರೆ ಚಿಕಿತ್ಸೆ ಉಚಿತ, ಪರಿಹಾರವೂ ಇದೆ. ಇದು ಔಷಧಿ ಪ್ರಯೋಗಗಳಿಗೆ ಭಾರತದಲ್ಲಿರುವ 2019ರ ನಿಯಮ.

ಡಯಾಲಿಸಿಸ್ ಮಷಿನ್‌ಗೆ ಕೈ ಕೊಟ್ಟು ನಾಲ್ಕು ಗಂಟೆ ಮಲಗಿರುವವರ ಫೋನಿಗೂ ಈ ಮೆಸೇಜ್ ಬರುತ್ತದೆ. ಅವರನ್ನು ಹೆದರಿಸಬೇಡಿ. ನಿಮ್ಮನ್ನು ಯಾರಾದರೂ ಅಧ್ಯಯನಕ್ಕೆ ಕರೆದರೆ ಸಿಟಿಆರ್‌ಐ (ಭಾರತದಲ್ಲಿ ಇಂಥ ಅಧ್ಯಯನಗಳನ್ನು ದಾಖಲಿಸುವ ಸರ್ಕಾರಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ, ಪತ್ರವನ್ನು ಮನೆಗೆ ತಂದು ಓದಿ, ನಿಮ್ಮ ಕಿಡ್ನಿ ಡಾಕ್ಟರಿಗೂ ತೋರಿಸಿ.