ಪ್ರತ್ಯೇಕ ಟೇಬಲ್ ಬೇಕಂತೆ!

ನಿನ್ನೆ ಸಂಜೆಯಿಂದ ತಲೆ ಕೆಟ್ಟಿದೆ. ಇಲ್ಲಿ ಕಾರಿಕೊಳ್ಳದಿದ್ದರೆ ನಿದ್ದೆ ಬರಲ್ಲ.

ಜರ್ಮನಿಯ ಸ್ಟುಟ್‌ಗಾರ್ಟ್‌ನ ಊಲ್‌ಬಾಖ್ ಕಡೆ ಒಂದು ಬೇಸನ್‌ಗೆ ನಮ್ಮ ಗ್ಯಾಂಗನ್ನ ಕರ್ಕೊಂಡು ಹೋಗಿದ್ದೆ. ದ್ರಾಕ್ಷಿ ಬೆಳೆಯೋರು ತಮ್ಮ ಮನೇಲೇ ಬೆಂಚು ಹಾಕಿ ತಮ್ಮದೇ ವೈನ್ ಮಾರೋ ಜಾಗ ಅದು. ವರ್ಷಕ್ಕೆ ಕೆಲವೇ ತಿಂಗಳು ತೆರೆಯೋದು, ಸೀಟು ಬರೀ 40. ತೆರೆದಿದೆ ಅಂತ ತೋರಿಸೋಕೆ ಹೊರಗೆ ಪೊರಕೆ ನೇತುಹಾಕ್ತಾರೆ. (ನಮ್ಮಮ್ಮ ಬಂದಿದ್ರೆ ಅಲ್ಲಿಂದಲೇ ವಾಪಸ್ಸು.)

ಒಳಗೆ ಬೆಚ್ಚಗಿತ್ತು, ಗಿಜಿಗಿಜಿ ಜನ. ಉದ್ದನೆ ಮೇಜಿನಲ್ಲಿ ಕೂತಿದ್ದ ಒಬ್ಬರು ಅಜ್ಜಿ ನಮ್ಮನ್ನ ನೋಡಿ ಸರಿದು, ಬೆಂಚು ತಟ್ಟಿ ಬನ್ನಿ ಅಂದ್ರು. ನಮ್ಮವರು ಏನಂದ್ರು ಗೊತ್ತಾ? "ಬೇಡ ಮಾರಾಯಾ, ಬೇರೆ ಟೇಬಲ್ ಖಾಲಿ ಆಗ್ಲಿ. ಇವರ ಜೊತೆ ಏನು ಮಾತಾಡೋದು?" 40 ಸೀಟಿನ ಮನೇಲಿ ಇವರಿಗೆ ಪ್ರತ್ಯೇಕ ಟೇಬಲ್! ಚಳೀಲಿ ಹೊರಗೆ ನಿಂತರು, ಮಹಾನುಭಾವರು. ನಾನು ಹೋಗಿ ಕೂತೆ.

ಇದೇ ಜನ ವಾಟ್ಸಾಪ್ ಗ್ರೂಪಲ್ಲಿ ದಿನಾ ಗೋಳು: ಜರ್ಮನ್ನರು ಮುಖ ಕೊಟ್ಟು ಮಾತಾಡಲ್ಲ, ಹತ್ತಿರ ಸೇರಿಸಲ್ಲ. ಸೇರಿಸಿದ್ರಲ್ಲಪ್ಪಾ, ಬೆಂಚು ತಟ್ಟಿ! ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಯಾರೋ ಅಪರಿಚಿತರ ಎದುರು ಕೂತು ಮಸಾಲೆ ದೋಸೆ ತಿನ್ನೋವಾಗ ಬಾರದ ಸಂಕೋಚ ಇಲ್ಲಿ ಎಲ್ಲಿಂದ ಬಂತು?

ನಿಮಗೆಲ್ಲ ಗೊತ್ತಿರೋ ಹಾಗೆ ನಾನು ಪುಳಿಚಾರು. ಆಲೂಗಡ್ಡೆ ಸಲಾಡ್ ತರಿಸೋಣ ಅಂತಿದ್ದೆ. ಅಜ್ಜಿ ಕೈ ಹಿಡಿದು ತಡೆದರು: ಅದಕ್ಕೆ ಮಾಂಸದ ಸಾರು ಹಾಕ್ತಾರೆ. ಈರುಳ್ಳಿ ಕೇಕ್? ಅದರಲ್ಲೂ ಹಂದಿಮಾಂಸದ ಚೂರು. ಕೊನೆಗೆ ಅವರೇ ಎದ್ದು ಅಡುಗೆಮನೆಗೆ ಹೋಗಿ ವಿಚಾರಿಸಿ, ನನಗೆ ಚೀಸ್ ಹಾಕಿದ ಸ್ಪೆಟ್ಸ್‌ಲೆ (ನೂಡಲ್ಸ್ ಥರದ್ದು) ಹೇಳಿ ಬಂದರು. ಹಿಡಿ ಇರೋ ಕಾಲು ಲೀಟರ್ ಗ್ಲಾಸಲ್ಲಿ ಟ್ರೊಲಿಂಗರ್ ಬಂತು, ತೆಳು ಕೆಂಪು ವೈನು. ಅಜ್ಜಿ ಜೊತೆಗಿದ್ದ ತಾತ ಈ ಸಲದ ದ್ರಾಕ್ಷಿ ಬೆಳೆ ಬಗ್ಗೆ ಶುರುಮಾಡಿದರು. ಅವರ ಶ್ವಾಬಿಷ್, ಅಂದ್ರೆ ಈ ಕಡೆಯ ಜರ್ಮನ್ ಆಡುಮಾತು, ಅರ್ಧ ಅರ್ಥವಾಗಲಿಲ್ಲ. ಆದ್ರೇನು, ಬೆಳೆ, ಮಳೆ, ಮೊಮ್ಮಕ್ಕಳು, ನಮ್ಮೂರ ಜಗಲಿಯ ವಿಷಯಗಳೇ ತಾನೆ?

"ಬಿಲ್ ಬಂದಾಗ ಬೇರೆ ಬೇರೆ ಲೆಕ್ಕ ಮಾಡ್ತಾರಲ್ಲ, ಅದೆಂಥಾ ಒಟ್ಟಿಗೆ ಊಟ?" ಅಂತ ಆಮೇಲೆ ನಮ್ಮ ಗ್ಯಾಂಗಿನ ಒಬ್ಬ ವಾದ ಹಾಕಿದ. ಮಾಡ್ಲಿ ಬಿಡೋ. ನಮ್ಮಲ್ಲಿ ಕೌಂಟರ್ ಹತ್ತಿರ "ನಾನು ಕೊಡ್ತೀನಿ, ನಾನು ಕೊಡ್ತೀನಿ" ಅಂತ ಕುಸ್ತಿ ಆಡಿ, ಮನೆಗೆ ಹೋಗಿ ಆ್ಯಪಲ್ಲಿ ಯೂರೋ-ಸೆಂಟು ಪಾಲು ಹಾಕೋನು ಇವನೇ.

ನಿಜ ಹೇಳಲಾ? ಇಲ್ಲಿಗೆ ಬಂದ ಮೊದಲ ಚಳಿಗಾಲ, ಭಾನುವಾರ ಅಂಗಡಿಗಳೂ ಬಾಗಿಲು ಹಾಕಿರ್ತಿದ್ವು, ನನ್ನ ಬಾಯಿಂದ ಒಂದು ಮಾತೂ ಹೊರಡದ ದಿನಗಳಿದ್ವು. ಅದಕ್ಕೇ ಉರಿಯೋದು ನನಗೆ. ಯಾರೋ ಜಾಗ ಬಿಟ್ಟು ಕರೀತಿದ್ರೆ ಬೇಡ ಅನ್ನೋಕೆ ಮನಸ್ಸು ಹೇಗೆ ಬರುತ್ತೆ?

ಮುಂದಿನ ಶನಿವಾರ ಮತ್ತೆ ಹೋಗ್ತಿದ್ದೀನಿ. ಬರೋರು ಕೈಯಲ್ಲಿ ಕ್ಯಾಶ್ ಇಟ್ಕೊಳ್ಳಿ, ಅಲ್ಲಿ ಕಾರ್ಡ್ ನಡೆಯಲ್ಲ. ಪ್ರತ್ಯೇಕ ಟೇಬಲ್ ಬೇಕಾದೋರು ಮನೇಲೇ ಪಿಜ್ಜಾ ತರಿಸ್ಕೊಳ್ಳಿ.