ಮಗಳ ಮುನಿಸಿನ ಲೆಕ್ಕಪತ್ರ

ಹದಿನಾಲ್ಕು ವರ್ಷಗಳಿಂದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕುಳಿತು ಊರವರ ಜಮಾ-ಖರ್ಚು ತಾಳೆ ನೋಡುತ್ತಾ ಬಂದ ನನಗೆ, ಮನೆಯಲ್ಲಿರುವ ನಾಲ್ಕು ವರ್ಷದ ಮಗಳ ಅಳು ಮಾತ್ರ ಯಾವ ಲೆಕ್ಕಕ್ಕೂ ಸಿಗುತ್ತಿಲ್ಲವೆಂಬುದು ಬಹುದಿನಗಳ ಕೊರಗಾಗಿತ್ತು. ದೋಸೆ ದುಂಡಗಿದೆಯೆಂದು ಕುಣಿದವಳು, ಅದನ್ನು ನಾನು ಮುರಿದು ಕೊಟ್ಟೆನೆಂದು ಅರ್ಧ ಗಂಟೆ ಅಳುತ್ತಾಳೆ. ಮುರಿದದ್ದನ್ನು ಮತ್ತೆ ಅಂಟಿಸಿಕೊಡು ಎನ್ನುತ್ತಾಳೆ. ಹೀಗಿರುವಾಗ, ಮಕ್ಕಳ ದಿನನಿತ್ಯದ ಮನಃಸ್ಥಿತಿಯನ್ನೂ ವರ್ತನೆಯನ್ನೂ ದಾಖಲಿಸಿಕೊಂಡು ವಾರಕ್ಕೊಮ್ಮೆ ಬಣ್ಣದ ನಕ್ಷೆ ಸಮೇತ ವರದಿ ಒಪ್ಪಿಸುವ ಆಪ್ ಒಂದಿದೆಯೆಂದು ಸಹೋದ್ಯೋಗಿಯೊಬ್ಬರು ಊಟದ ಡಬ್ಬಿ ಬಿಚ್ಚುತ್ತಾ ಹೇಳಿದಾಗ, ನನ್ನ ಚಿತ್ರಾನ್ನ ಮುಗಿಯುವ ಮೊದಲೇ ಅದು ನನ್ನ ಫೋನಿಗೆ ಇಳಿದಿತ್ತು.

ಆಪಿನಲ್ಲಿ ಐದು ಮುಖಗಳಿದ್ದವು: ನಗುವುದು, ಮುಗುಳ್ನಗುವುದು, ಸುಮ್ಮನಿರುವುದು, ಅಳುವುದು ಮತ್ತು ಕೆಂಪಗಾಗಿರುವುದು. ತೊಡಕು ಮೊದಲ ಸಂಜೆಯೇ ಶುರುವಾಯಿತು. ಮಧ್ಯಾಹ್ನವೆಲ್ಲ ಮಗಳನ್ನು ನೋಡಿಕೊಳ್ಳುವ ನನ್ನ ಅಮ್ಮನನ್ನು ವಿಚಾರಿಸಿದರೆ, "ಊಟದ ಹೊತ್ತಿಗೆ ಕೊಸರಾಡಿದಳು ಕಣೋ, ಆಮೇಲೆ ಹಟ ಮಾಡಿದಳು, ಹಟ ಹೋಗಿ ರಚ್ಚೆ ಆಯ್ತು, ನೀರು ಕುಡಿಸಿದ ಮೇಲೆ ಒಂಚೂರು ಬಿಗುಮಾನ" ಎಂದು ಒಂದೇ ಉಸಿರಿಗೆ ವರದಿ ಒಪ್ಪಿಸಿದರು. ಹಟಕ್ಕೂ ರಚ್ಚೆಗೂ ಏನು ವ್ಯತ್ಯಾಸವೆಂದು ಕೇಳಿದ್ದಕ್ಕೆ, ಲೆಕ್ಕ ಓದಿದ ಮಗನಿಗೆ ಇಷ್ಟೂ ತಿಳಿಯದೇ ಎಂಬಂತೆ ನನ್ನನ್ನು ನೋಡಿ, "ಹಟ ಅಂದ್ರೆ ಏನೋ ಬೇಕಾಗಿರತ್ತೆ, ರಚ್ಚೆ ಅಂದ್ರೆ ಏನೂ ಬೇಡವಾಗಿರತ್ತೆ" ಎಂದರು. ಆಪ್ ತಯಾರಿಸಿದವರಿಗೆ ಇಂಥ ಅಜ್ಜಿ ಇರಲಿಲ್ಲವೆಂದು ತೋರುತ್ತದೆ. ನಾಟ್ಯಶಾಸ್ತ್ರ, ಕ್ಷಣಕ್ಕೊಮ್ಮೆ ಬಂದು ಹೋಗುವ ಸಂಚಾರಿ ಭಾವಗಳನ್ನೇ 33 ಎಂದು ಎಣಿಸುತ್ತದೆ. ನನ್ನ ಮಗಳು ಅಷ್ಟನ್ನೂ ಒಂದು ತುತ್ತು ಬಾಯಿಗೂ ಇನ್ನೊಂದು ತುತ್ತು ನೆಲಕ್ಕೂ ಹೋಗುವುದರೊಳಗೆ ಅಭಿನಯಿಸಿ ಮುಗಿಸುತ್ತಾಳೆ. ನಾನು ಅದಕ್ಕೆಲ್ಲ ಸೇರಿಸಿ ಒಂದು ಕೆಂಪು ಮುಖ ಒತ್ತಿದೆ.

ಎರಡನೆಯ ವಾರ ಹೆಂಡತಿಯನ್ನೂ ಇದರೊಳಗೆ ಎಳೆದುಕೊಂಡೆ. ಲೆಕ್ಕವೆಂದ ಮೇಲೆ ಇಬ್ಬರ ಸಹಿ ಇರಬೇಕೆಂಬುದು ನನ್ನ ವೃತ್ತಿಯ ಚಾಳಿ. ಆ ಬುಧವಾರ ಮಗಳು ರಾಗಿ ಹಿಟ್ಟಿನ ಡಬ್ಬಿಯನ್ನು ಅಡುಗೆಮನೆಯ ನೆಲಕ್ಕೆ ಬೋರಲು ಹಾಕಿ, ಅದರ ನಡುವೆ ಕುಳಿತು, ತನ್ನ ಕೆನ್ನೆಗೂ ಪಕ್ಕದ ಮನೆಯ ಬೆಕ್ಕಿಗೂ ಧಾರಾಳವಾಗಿ ಪೌಡರ್ ಹಚ್ಚಿದಳು. ನಾನು ನಗುವ ಮುಖ ಒತ್ತಿ, ವರ್ತನೆಯ ಕಾಲಂನಲ್ಲಿ "ಸೃಜನಶೀಲ" ಎಂದು ಗುರುತು ಹಾಕಿದೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ನೆಲ ಒರೆಸುತ್ತಿದ್ದ ಹೆಂಡತಿ, ಎಡಗೈಯ ಒಂದೇ ಬೆರಳಿನಲ್ಲಿ ಕೆಂಪು ಮುಖ ಒತ್ತಿ "ಹಾನಿಕಾರಕ" ಎಂದು ದಾಖಲಿಸಿದಳು. ಆಪ್ ಎರಡನ್ನೂ ಕೂಡಿಸಿ ಸರಾಸರಿ ತೆಗೆದು ರಾತ್ರಿ ಒಂಬತ್ತಕ್ಕೆ ವರದಿ ಕಳುಹಿಸಿತು: "ಇಂದು ವಿಶೇಷವೇನೂ ಇಲ್ಲ." ಆ ಹೊತ್ತಿಗೆ ಬೆಕ್ಕು ಇನ್ನೂ ಸೀನುತ್ತಿತ್ತು.

ಮಧ್ಯಾಹ್ನದ ದಾಖಲೆ ತಪ್ಪಬಾರದೆಂದು ಅಮ್ಮನ ಫೋನಿನಲ್ಲೂ ಆಪ್ ಹಾಕಿಕೊಟ್ಟು, ದಿನವೂ ಎರಡೂವರೆಗೆ ಗಂಟೆ ಬಾರಿಸುವಂತೆ ಮಾಡಿದ್ದು ನನ್ನ ದೊಡ್ಡ ಸಾಧನೆ. ವಾರದ ಕೊನೆಗೆ ಬಂದ ವರದಿಯಲ್ಲಿ, ಮಗು ಪ್ರತಿದಿನ 2.30ರ ಸುಮಾರಿಗೆ ಕಾರಣವಿಲ್ಲದೆ ತೀವ್ರ ಕೋಪಕ್ಕೆ ಒಳಗಾಗುತ್ತಿದೆಯೆಂದೂ, ಆ ಅವಧಿಯಲ್ಲಿ ಹೆಚ್ಚಿನ ನಿಗಾ ಅಗತ್ಯವೆಂದೂ ಬರೆದಿತ್ತು. ಗಾಬರಿಯಾದ ನಾನು ಮೂರು ಗಂಟೆಗೆ ಇನ್ನೊಂದು ಸಲ ಗಂಟೆ ಬಾರಿಸುವಂತೆ ಮಾಡಿದೆ. ಮರುವಾರ ಕೋಪ ಎರಡು ಪಟ್ಟಾಯಿತು. ರಜೆ ಹಾಕಿ ಮನೆಯಲ್ಲಿ ಕುಳಿತು ನೋಡಿದಾಗ ತಿಳಿದದ್ದಿಷ್ಟು: ಎರಡು ಗಂಟೆಗೆ ಮಗಳನ್ನು ಮಲಗಿಸಿ ಅಮ್ಮ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಳ್ಳುತ್ತಿದ್ದರು, ಗಂಟೆ ಬಾರಿಸಿದೊಡನೆ ಮಗಳು ಬೆಚ್ಚಿ ಎದ್ದು ಚೀರುತ್ತಿದ್ದಳು, ಅಮ್ಮ, ಮಗ ಹೇಳಿದ ಕೆಲಸವೆಂದು ಕನ್ನಡಕ ಹುಡುಕಿ, ಶ್ರದ್ಧೆಯಿಂದ ಕೆಂಪು ಮುಖ ಒತ್ತುತ್ತಿದ್ದರು.

ಭಾನುವಾರದ ರಹಸ್ಯ ಇದಕ್ಕಿಂತ ಗಹನವಾಗಿತ್ತು. ಸತತ ನಾಲ್ಕು ಭಾನುವಾರ ಬೆಳಿಗ್ಗೆ ನಕ್ಷೆಯ ಗೆರೆ ಪಾತಾಳಕ್ಕೆ ಇಳಿದದ್ದನ್ನು ಕಂಡು ಆಪ್, ಮಗುವಿಗೆ ಶಾಲೆಯ ಗೆಳೆಯರ ಅಗಲಿಕೆ ಕಾಡುತ್ತಿರಬಹುದು, ಪಕ್ಕದಲ್ಲಿ ಕುಳಿತು ಮೃದುವಾಗಿ ಮಾತನಾಡಿ ಎಂದು ಸಲಹೆ ಕೊಟ್ಟಿತು. ನಾನು ಕುಳಿತೆ. ಬೆನ್ನು ಸವರಿ, "ಭಾನುವಾರ ನಿನಗೆ ಯಾಕೆ ಬೇಜಾರು ಪುಟ್ಟಿ?" ಎಂದು ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, "ಅಜ್ಜಿ ಸೀಗೆಪುಡಿ ಕಣ್ಣಿಗೆ ಹಾಕ್ತಾರೆ" ಎಂದಳು. ತಲೆಗೆ ಹಾಕಿದ್ದು ಕಣ್ಣಿಗೆ ಇಳಿದರೆ ತಾನೇನು ಮಾಡಲಿ, ಕಣ್ಣು ಮುಚ್ಚಿಕೋ ಅಂದರೆ ಬಿಡುವವಳು ಇವಳು ಎಂದು ಅಮ್ಮ ಬಚ್ಚಲಮನೆಯಿಂದಲೇ ಅಹವಾಲು ಸಲ್ಲಿಸಿದರು.

ಇಷ್ಟರಲ್ಲಿ ಮಗಳು ಒಂದು ಸತ್ಯ ಕಂಡುಕೊಂಡಿದ್ದಳು. ಅಳುವ ಮುಖವನ್ನು ಒತ್ತಿ ಹಿಡಿದರೆ ಅದರ ಕಣ್ಣಿನಿಂದ ನೀಲಿ ಹನಿಗಳು ಟಪಟಪನೆ ಉದುರುತ್ತವೆ. ಆ ಹನಿಗಳನ್ನು ನೋಡಲೆಂದೇ ಅವಳು ಫೋನಿಗಾಗಿ ಅಳತೊಡಗಿದಳು. ಅತ್ತದ್ದಕ್ಕೆ ಫೋನು, ಫೋನಿಗೆ ನಗು, ಕಿತ್ತುಕೊಂಡರೆ ಮತ್ತೆ ಅಳು. "ರೀ, ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಸ್ಕ್ರೀನ್ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2019ರಲ್ಲೇ ಹೇಳಿದ್ದಾರೆ. ಅದರಲ್ಲಿ ಮುಕ್ಕಾಲು ಗಂಟೆ ನಿಮ್ಮ ಈ ಲೆಕ್ಕಕ್ಕೇ ಹೋಗ್ತಿದೆ" ಎಂದು ಹೆಂಡತಿ ಆಕ್ಷೇಪಣೆ ಎತ್ತಿದಳು.

ಹಬ್ಬಕ್ಕೆ ಬಂದಿದ್ದ ಅವಳ ತಮ್ಮ, ವಕೀಲ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ ಬೆಂಕಿಗೂ ಒಂದಿಷ್ಟು ಸುರಿದ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 9ನೇ ಕಲಂ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 18 ತುಂಬದವರ ವರ್ತನೆಯ ಮೇಲೆ ಕಂಪನಿಗಳು ನಿಗಾ ಇಡುವುದನ್ನು ನಿಷೇಧಿಸುತ್ತದಂತೆ. "ಭಾವ, ನೀವು ಏನಕ್ಕೆಲ್ಲ ಒಪ್ಪಿಗೆ ಒತ್ತಿದ್ದೀರಿ ನೋಡಿದ್ರಾ?" ಎಂದು ಕೇಳಿದ. ಇನ್ನೊಬ್ಬರ ಕಡತದ ಅಲ್ಪವಿರಾಮವನ್ನೂ ಬಿಡದೆ ಓದುವ ನಾನು, ಅಂದು ಚಿತ್ರಾನ್ನದ ಕೈಯಲ್ಲಿ ಓದದೆಯೇ ಒತ್ತಿದ್ದೆ. ಅಮ್ಮನಿಗೆ ಚಿಂತೆ ಹತ್ತಿತು. "ಪೊಲೀಸರು ಬಂದರೆ ಎರಡೂವರೆಗೆ ಒತ್ತಿದ್ದು ನಾನು ಅಂತ ಹೇಳಬೇಡಪ್ಪಾ" ಎಂದರು.

ಆ ದಿನದಿಂದ ದಾಖಲೆ ನಿಲ್ಲಿಸಿದೆ. ಮೂರನೆಯ ಸಂಜೆ ಆಪಿನಿಂದ, ನೀವು ನಮ್ಮನ್ನು ಮರೆತಿದ್ದೀರಿ ಎಂಬ ಸಂದೇಶ ಬಂತು, ಜೊತೆಗೊಂದು ಅಳುವ ಮುಖ. ನಾಲ್ಕನೆಯ ದಿನ ಎರಡು ಸಂದೇಶ. ಐದನೆಯ ದಿನ ಊಟದ ನಡುವೆ ಮೂರು ಸಲ ಕುಂಯ್‌ಗುಟ್ಟಿದಾಗ, "ಇದಕ್ಕೇನಾಗಿದ್ಯೋ?" ಎಂದು ಅಮ್ಮ ಕೇಳಿದರು. ಹಟವೇ, ರಚ್ಚೆಯೇ ಎಂದು ನಾನು ಯೋಚಿಸುತ್ತಿರುವಾಗಲೇ ಮಗಳು, "ಅಜ್ಜಿ, ಇದಕ್ಕೂ ದೃಷ್ಟಿ ತೆಗಿ" ಎಂದು ಫೋನನ್ನು ಮಣೆಯ ಮೇಲೆ ಕೂರಿಸಿದಳು. ಅಮ್ಮ ನಗಲಿಲ್ಲ. ಹಿಡಿ ಉಪ್ಪು, ಮೂರು ಒಣಮೆಣಸಿನಕಾಯಿ ತಂದು, ಫೋನಿಗೆ ಮೂರು ಸುತ್ತು ನಿವಾಳಿಸಿ, ಒಲೆಯ ಮೇಲಿದ್ದ ಹಳೆಯ ಬಾಂಡಲಿಗೆ ಹಾಕಿದರು. ಮೆಣಸಿನಕಾಯಿ ಚಟಪಟ ಎಂದು ಕಪ್ಪಗಾಯಿತೇ ಹೊರತು ಯಾರಿಗೂ ಒಂದು ಕೆಮ್ಮೂ ಬರಲಿಲ್ಲ.

"ನೋಡು, ಘಾಟೇ ಇಲ್ಲ" ಎಂದರು ಅಮ್ಮ, ಬಾಂಡಲಿಯನ್ನು ನನ್ನ ಮೂಗಿನ ಹತ್ತಿರ ಹಿಡಿದು. "ಮೂರು ಹೊತ್ತೂ ಎಲ್ಲರೂ ಅದನ್ನೇ ನೋಡ್ತಾ ಕೂತಿದ್ರೆ ದೃಷ್ಟಿ ಆಗದೆ ಇರತ್ತಾ?"