ಚರ್ಚಿಗಿಂತ ಆ ಜೊಂಡಿನ ಕಟ್ಟು ನೋಡಿ

ನಿರ್ದೇಶಕ ಮುರ್ನೌ ಅವರ 1927ರ ಮೂಕಿಚಿತ್ರ ‘ಸನ್‌ರೈಸ್’ನ ಧಾರ್ಮಿಕ ಸಂಕೇತಗಳ ಕುರಿತ ಲೇಖನದಲ್ಲಿ, ಹೆಂಡತಿಯನ್ನು ಕೊಲ್ಲಹೊರಟಿದ್ದ ಗಂಡನನ್ನು ತಿದ್ದುವುದು ಚರ್ಚಿನಲ್ಲಿ ಪಾದ್ರಿ ಮಾಡುವ ಉಪದೇಶ ಎಂದು ಲೇಖಕರು ಬರೆದಿದ್ದಾರೆ. ಒಪ್ಪಲಾರೆ. ಪಾದ್ರಿ ಅವನೊಡನೆ ಮಾತೇ ಆಡುವುದಿಲ್ಲ. ಅಲ್ಲಿ ನಡೆಯುತ್ತಿರುವುದು ಬೇರೆಯವರ ಮದುವೆ. ಆ ವರನಿಗೆ ಹೇಳಿದ ಮಾತು ಕೇಳಿ ಇವನು ಹೆಂಡತಿಯ ಮಡಿಲಲ್ಲಿ ಕುಸಿದು ಅಳುತ್ತಾನೆ. ಹೊರಗೆ ಸಾಲಾಗಿ ಕಾದಿದ್ದ ನೆಂಟರ ನಡುವೆ, ನಿಜವಾದ ವಧೂವರರಿಗಿಂತ ಮೊದಲು ಇವರೇ ನಡೆದು ಬರುತ್ತಾರೆ. ನಮ್ಮ ಕೊಡವ ಮದುವೆಗೆ ಪುರೋಹಿತರೇ ಬೇಡ. ದೀಪ ಬೆಳಗಿರುತ್ತದೆ, ಬಂದವರು ಒಬ್ಬೊಬ್ಬರಾಗಿ ಅಕ್ಕಿ ಹಾಕಿ, ಹಾಲು ಕುಡಿಸಿ ಹರಸುತ್ತಾರೆ. ಆ ಕಣ್ಣಿನಿಂದ ನೋಡಿದರೆ ದೃಶ್ಯದ ತೂಕವೆಲ್ಲ ಆ ನೆಂಟರ ಸಾಲಿನಲ್ಲಿದೆ.

ಲೇಖನ ಪೂರ್ತಿ ಬಿಟ್ಟಿರುವುದು ಜೊಂಡಿನ ಕಟ್ಟನ್ನು. ದೋಣಿ ಮಗುಚಿ ಹೆಂಡತಿಯನ್ನು ಮುಳುಗಿಸು, ನೀನು ಇದನ್ನು ಹಿಡಿದು ತೇಲು ಎಂದು, ಅವನನ್ನು ಮರುಳು ಮಾಡಿದ ಪಟ್ಟಣದ ಹೆಣ್ಣು ಹೇಳಿಕೊಟ್ಟ ಉಪಾಯ ಅದು. ಕೊಲೆಯ ಮನಸ್ಸು ಹೋದರೂ ಕಟ್ಟು ದೋಣಿಯಲ್ಲೇ ಉಳಿಯುತ್ತದೆ. ವಾಪಸು ಬರುವಾಗ ಬಿರುಗಾಳಿ ಎದ್ದಾಗ ಅದನ್ನು ಅವನು ಕಟ್ಟುವುದು ಹೆಂಡತಿಯ ಮೈಗೆ. ಅವಳು ಬದುಕುವುದೂ ಅದರಿಂದಲೇ. ಶಿಲುಬೆ, ಗಂಟೆಗಳಿಗಿಂತ ದೊಡ್ಡ ಧಾರ್ಮಿಕ ಸಂಕೇತ ಇಡೀ ಚಿತ್ರದಲ್ಲಿ ಇದೇ.